ವಲಯ ಕವಾಟ

ವಲಯ ಕವಾಟ ಅಥವಾ ಜೋನ್ ವಾಲ್ವ್ ಎಂಬುದು ಬಿಸಿನೀರಿನ ಮೂಲಕ ಮನೆಯನ್ನು ಬೆಚ್ಚಗಿಡುವ ತಾಪನ ವ್ಯವಸ್ಥೆಯಲ್ಲಿ ನೀರಿನ ಹರಿವನ್ನು ನಿಯಂತ್ರಿಸುವ ವಿದ್ಯುತ್ ಚಾಲಿತ ಕವಾಟವಾಗಿದೆ. ಉತ್ತರ ಅಮೆರಿಕ, ಬ್ರಿಟನ್ ಮುಂತಾದ ಶೀತ ಪ್ರದೇಶಗಳ ಅನೇಕ ಮನೆಗಳಲ್ಲಿ ಬಾಯ್ಲರ್‌ನಲ್ಲಿ ಕಾದ ನೀರನ್ನು ಪಂಪು ಕೊಳವೆಗಳ ಮೂಲಕ ರೇಡಿಯೇಟರ್‌ಗಳಿಗೆ ಕಳುಹಿಸುತ್ತದೆ. ಕೋಣೆಗೆ ಶಾಖ ನೀಡಿ ತಣಿದ ನೀರು ಮತ್ತೆ ಬಾಯ್ಲರ್‌ಗೆ ಮರಳುತ್ತದೆ. ಇಂತಹ ಮನೆಯನ್ನು ಮಹಡಿ ಅಥವಾ ಕೋಣೆಗಳಿಗೆ ಅನುಗುಣವಾಗಿ ವಲಯಗಳಾಗಿ ವಿಂಗಡಿಸಿ, ಪ್ರತಿ ವಲಯಕ್ಕೂ ಒಂದು ಥರ್ಮೋಸ್ಟಾಟ್ ಹಾಗೂ ಒಂದು ಕವಾಟವನ್ನು ಅಳವಡಿಸಲಾಗುತ್ತದೆ. ಭಾರತದ ಮನೆಗಳಲ್ಲಿ ಬಳಕೆಯಲ್ಲಿರುವ ಗೀಸರ್ ಸ್ನಾನದ ನೀರನ್ನು ಕಾಯಿಸುವ ಸಾಧನವಾಗಿದ್ದು, ಈ ವ್ಯವಸ್ಥೆಗಿಂತ ಭಿನ್ನವಾದುದು.

ರಚನೆ ಮತ್ತು ಕಾರ್ಯವಿಧಾನ

ವಲಯ ಕವಾಟದಲ್ಲಿ ಎರಡು ಮುಖ್ಯ ಭಾಗಗಳಿವೆ: ಕೊಳವೆಗೆ ಜೋಡಿಸಿದ ಹಿತ್ತಾಳೆಯ ಒಡಲು ಮತ್ತು ಅದರ ಮೇಲೆ ಕೂರುವ ಚಾಲಕ ಭಾಗ. ಉತ್ತರ ಅಮೆರಿಕದಲ್ಲಿ ಚಾಲಕ ಭಾಗಕ್ಕೆ ಸಾಮಾನ್ಯವಾಗಿ ಟ್ರಾನ್ಸ್‌ಫಾರ್ಮರ್ ಮೂಲಕ 24 ವೋಲ್ಟ್ ವಿದ್ಯುತ್ತನ್ನೂ, ಬ್ರಿಟನ್ನಿನಲ್ಲಿ 230 ವೋಲ್ಟ್ ವಿದ್ಯುತ್ತನ್ನೂ ಒದಗಿಸಲಾಗುತ್ತದೆ.

ಕೋಣೆಯ ಉಷ್ಣತೆ ನಿಗದಿತ ಮಟ್ಟಕ್ಕಿಂತ ಇಳಿದಾಗ ಥರ್ಮೋಸ್ಟಾಟ್ ಮಂಡಲವನ್ನು ಪೂರ್ಣಗೊಳಿಸುತ್ತದೆ. ಆಗ ಚಿಕ್ಕ ಮೋಟಾರು ತಿರುಗಿ ಕವಾಟವನ್ನು ತೆರೆಯುತ್ತದೆ. ಕವಾಟ ತೆರೆದ ಮೇಲೆ ಒಳಗಿನ ಅಂತ್ಯ ಸ್ವಿಚ್ ಅದುಮಲ್ಪಟ್ಟು, ಬಾಯ್ಲರ್ ಹಾಗೂ ಪಂಪು ಚಾಲನೆಗೊಳ್ಳಲು ಸೂಚನೆ ಹೋಗುತ್ತದೆ. ಕೋಣೆ ಬೆಚ್ಚಗಾದಾಗ ವಿದ್ಯುತ್ ಕಡಿತಗೊಂಡು, ಸ್ಪ್ರಿಂಗ್ ಕವಾಟವನ್ನು ಮುಚ್ಚುತ್ತದೆ. ಕೆಲವು ಮಾದರಿಗಳಲ್ಲಿ ಮೋಟಾರಿನ ಬದಲು ಕಾದಾಗ ಹಿಗ್ಗುವ ಮೇಣವು ಕವಾಟವನ್ನು ತೆರೆಯುತ್ತದೆ. ಇವು ತೆರೆಯಲು ಕೆಲವು ನಿಮಿಷಗಳು ಬೇಕಾಗುವುದರಿಂದ, ಆ ವಿಳಂಬವನ್ನು ದೋಷವೆಂದು ಭಾವಿಸಬಾರದು.

ದೋಷದ ಲಕ್ಷಣಗಳು

ಮೇಲಿನ ಸರಪಳಿಯ ಯಾವ ಕೊಂಡಿ ಕಡಿದರೂ ಕೋಣೆ ತಣ್ಣಗಾಗುತ್ತದೆ. ಆದ್ದರಿಂದ ತಣ್ಣಗಿನ ಕೋಣೆಯೊಂದೇ ಕವಾಟ ಕೆಟ್ಟಿದೆ ಎಂಬುದಕ್ಕೆ ಸಾಕ್ಷಿಯಲ್ಲ. ಸಾಮಾನ್ಯ ಲಕ್ಷಣಗಳು ಹೀಗಿವೆ:

- ಎಲ್ಲ ವಲಯಗಳೂ ತಣ್ಣಗಿದ್ದರೆ ದೋಷವು ಬಹುಶಃ ಬಾಯ್ಲರ್, ಪಂಪು, ಫ್ಯೂಸ್ ಅಥವಾ ಟ್ರಾನ್ಸ್‌ಫಾರ್ಮರ್‌ನಲ್ಲಿರುತ್ತದೆ.
- ಒಂದೇ ವಲಯ ತಣ್ಣಗಿದ್ದರೆ ಅದರ ಥರ್ಮೋಸ್ಟಾಟ್, ತಂತಿ, ಮೋಟಾರು, ಸಿಲುಕಿಕೊಂಡ ಕವಾಟ ಅಥವಾ ಕೊಳವೆಯಲ್ಲಿ ಸೇರಿದ ಗಾಳಿ ಕಾರಣವಾಗಿರಬಹುದು.
- ಒಂದು ವಲಯ ತಾನಾಗಿ ಬಿಸಿಯಾಗದೆ, ಬೇರೊಂದು ವಲಯ ಬಾಯ್ಲರನ್ನು ಚಾಲೂ ಮಾಡಿದಾಗ ಮಾತ್ರ ಬಿಸಿಯಾದರೆ, ಕವಾಟ ತೆರೆಯುತ್ತಿದ್ದರೂ ಅಂತ್ಯ ಸ್ವಿಚ್ ಕೆಲಸ ಮಾಡುತ್ತಿಲ್ಲ ಎಂದು ಶಂಕಿಸಬಹುದು.
- ಥರ್ಮೋಸ್ಟಾಟ್ ಕೋರದಿದ್ದರೂ ಒಂದು ಕೋಣೆ ಬಿಸಿಯಾಗುತ್ತಿದ್ದರೆ ಸ್ಪ್ರಿಂಗ್ ಸಡಿಲವಾಗಿರಬಹುದು, ಕವಾಟದೊಳಗೆ ಕಸ ಸಿಕ್ಕಿರಬಹುದು ಅಥವಾ ಕೈಸನ್ನೆ ತೆರೆದ ಸ್ಥಿತಿಯಲ್ಲೇ ಉಳಿದಿರಬಹುದು.
- ಯಾವ ಥರ್ಮೋಸ್ಟಾಟ್ ಕೋರದಿದ್ದರೂ ಬಾಯ್ಲರ್ ಉರಿಯುತ್ತಲೇ ಇದ್ದರೆ ಒಂದು ಅಂತ್ಯ ಸ್ವಿಚ್ಚಿನ ಸಂಪರ್ಕಗಳು ಅಂಟಿಕೊಂಡಿರುವ ಸಾಧ್ಯತೆಯಿದೆ.

ದೋಷಪತ್ತೆ

ಮೊದಲಿಗೆ ಥರ್ಮೋಸ್ಟಾಟ್‌ನ ಬ್ಯಾಟರಿಯನ್ನು ಪರೀಕ್ಷಿಸಿ, ಅದರ ಉಷ್ಣತೆಯ ಮಟ್ಟವನ್ನು ಏರಿಸಲಾಗುತ್ತದೆ. ಬಳಿಕ 24 ವೋಲ್ಟ್ ವ್ಯವಸ್ಥೆಯಲ್ಲಿ ಮಲ್ಟಿಮೀಟರ್‌ನಿಂದ ಮೋಟಾರಿನ ಎರಡು ತಂತಿಗಳ ನಡುವಿನ ವೋಲ್ಟೇಜನ್ನು ಅಳೆಯಲಾಗುತ್ತದೆ. ವೋಲ್ಟೇಜ್ ಇಲ್ಲದಿದ್ದರೆ ದೋಷ ಕವಾಟಕ್ಕಿಂತ ಹಿಂದಿದೆ. ಕವಾಟ ಬದಲಿಸಿ ಪ್ರಯೋಜನವಿಲ್ಲ. ಸರಿಯಾದ ವೋಲ್ಟೇಜ್ ಇದ್ದೂ ಮೋಟಾರು ತಿರುಗದಿದ್ದರೆ ಮೋಟಾರು ಕೆಟ್ಟಿರಬಹುದು ಇಲ್ಲವೇ ಕವಾಟ ಬಿಗಿದುಕೊಂಡಿರಬಹುದು. ಚಾಲಕ ಭಾಗವನ್ನು ಕಳಚಿದಾಗ ಮೋಟಾರು ಸರಾಗವಾಗಿ ತಿರುಗಿದರೆ ದೋಷ ಒಡಲಿನಲ್ಲಿದೆ. ಅಂತ್ಯ ಸ್ವಿಚ್ಚನ್ನು ಪರೀಕ್ಷಿಸಲು ಅದರ ತಂತಿಗಳನ್ನು ಬಾಯ್ಲರ್ ಮಂಡಲದಿಂದ ಬಿಡಿಸಬೇಕು. ಮೋಟಾರು ಕವಾಟವನ್ನು ಪೂರ್ತಿ ತೆರೆದಾಗ ಆ ತಂತಿಗಳ ನಡುವೆ ಸಂಪರ್ಕ ಕಾಣಬೇಕು, ಮುಚ್ಚಿದಾಗ ಕಾಣಬಾರದು.

ಬದಲಾವಣೆ

ಅನೇಕ ಮಾದರಿಗಳಲ್ಲಿ ನೀರನ್ನು ಖಾಲಿ ಮಾಡದೆಯೇ ಚಾಲಕ ಭಾಗವನ್ನಷ್ಟೇ ಬದಲಿಸಬಹುದು. ಕೆಲವದರಲ್ಲಿ ಮೋಟಾರು ಮಾತ್ರವೂ ಬಿಡಿಯಾಗಿ ದೊರೆಯುತ್ತದೆ. ವಿದ್ಯುತ್ ಕಡಿತಗೊಳಿಸಿ, ತಂತಿಗಳ ಸ್ಥಾನವನ್ನು ಗುರುತು ಹಾಕಿಕೊಂಡು, ಅದೇ ವೋಲ್ಟೇಜಿನ ಹಾಗೂ ಒಡಲಿಗೆ ಹೊಂದುವ ಭಾಗವನ್ನು ಜೋಡಿಸಬೇಕು.

ಒಡಲು ಸೋರುತ್ತಿದ್ದರೆ ಅಥವಾ ಬಿಗಿದುಕೊಂಡಿದ್ದರೆ ಇಡೀ ಕವಾಟವನ್ನು ಬದಲಿಸಬೇಕಾಗುತ್ತದೆ. ಬಾಯ್ಲರನ್ನು ನಿಲ್ಲಿಸಿ, ನೀರು ತಣಿದ ನಂತರ ಆ ಭಾಗದ ನೀರನ್ನು ಹೊರಬಿಡಲಾಗುತ್ತದೆ. ಹೊಸ ಕವಾಟದ ಮೇಲಿನ ಬಾಣದ ಗುರುತು ನೀರು ಹರಿಯುವ ದಿಕ್ಕಿಗೆ ಹೊಂದಿರಬೇಕು. ಬೆಸುಗೆ ಹಾಕುವ ಮಾದರಿಯಾದರೆ, ಶಾಖದಿಂದ ಹಾನಿಯಾಗದಂತೆ ಚಾಲಕ ಭಾಗವನ್ನು ಮೊದಲೇ ಕಳಚಿಡಲಾಗುತ್ತದೆ. ಕೊನೆಗೆ ನೀರು ತುಂಬಿಸಿ, ಗಾಳಿಯನ್ನು ಹೊರಹಾಕಿ, ಸೋರಿಕೆಯನ್ನು ಪರೀಕ್ಷಿಸಲಾಗುತ್ತದೆ. ಗಾಳಿ ಉಳಿದರೆ ಹೊಸ ಕವಾಟವಿದ್ದರೂ ವಲಯ ತಣ್ಣಗೇ ಇರಬಹುದು.

ಸುರಕ್ಷತೆ

ಹಿಮಗಟ್ಟುವ ಚಳಿಯಲ್ಲಿ ವಲಯ ಕವಾಟದ ವೈಫಲ್ಯ ಕೇವಲ ಅನಾನುಕೂಲವಲ್ಲ. ನೀರು ಹೆಪ್ಪುಗಟ್ಟಿದಾಗ ಅದರ ಗಾತ್ರ ಸುಮಾರು 9% ಹಿಗ್ಗುವುದರಿಂದ ಹರಿವಿಲ್ಲದ ಕೊಳವೆಗಳು ಒಡೆಯಬಹುದು. ದುರಸ್ತಿಯಾಗುವವರೆಗೆ ಕೈಸನ್ನೆಯಿಂದ ಕವಾಟವನ್ನು ತೆರೆದಿಟ್ಟರೆ, ಬೇರೆ ವಲಯಕ್ಕಾಗಿ ಬಾಯ್ಲರ್ ನಡೆಯುವಾಗ ಈ ವಲಯಕ್ಕೂ ಬಿಸಿನೀರು ಹರಿಯುತ್ತದೆ. ಆದರೆ ಅಂತ್ಯ ಸ್ವಿಚ್ಚಿನ ತಂತಿಗಳನ್ನು ಒಂದಕ್ಕೊಂದು ಜೋಡಿಸಿ ಬಾಯ್ಲರನ್ನು ಸತತವಾಗಿ ನಡೆಸುವುದು ಸರಿಯಾದ ಪರಿಹಾರವಲ್ಲ. ಇದರಿಂದ ಥರ್ಮೋಸ್ಟಾಟ್‌ಗಳಿಗೆ ಬಾಯ್ಲರ್ ಮೇಲಿನ ಹಿಡಿತ ತಪ್ಪುತ್ತದೆ. ಕೊಳವೆಯ ನೀರು 80° ಸೆಲ್ಸಿಯಸ್‌ನಷ್ಟು ಬಿಸಿಯಿರಬಹುದಾದ್ದರಿಂದ ಸುಟ್ಟಗಾಯದ ಅಪಾಯವಿದೆ. 230 ವೋಲ್ಟ್ ಮಂಡಲ ಹಾಗೂ ಅನಿಲ ಬಾಯ್ಲರ್‌ಗಳ ಕೆಲಸವನ್ನು ಅರ್ಹ ತಂತ್ರಜ್ಞರಿಗೆ ವಹಿಸಬೇಕು.