ಮಾದಪ್ಪನ ಪದಕ್ಕೆ ಗಿಟಾರು ಸೇರಿದ ಕತೆ

ಕಬ್ಬು ಕಡಿಯೋ ಕಾಲದಲ್ಲಿ ಭಾರತೀನಗರದ ಸಕ್ಕರೆ ಕಾರ್ಖಾನೆ ದಾರಿಯಲ್ಲಿ ನಿಂತರೆ, ಟ್ರ್ಯಾಕ್ಟರ್ ಸ್ಪೀಕರ್‌ಗಳಲ್ಲಿ ಮಾದಪ್ಪನ ಪದ ಎರಡು ಥರ ಕೇಳುತ್ತದೆ. ಒಂದು ನಮ್ಮ ಮಳವಳ್ಳಿ ಮಹದೇವಸ್ವಾಮಿ ಅವರ ದನಿ. ಇನ್ನೊಂದು ಗಿಟಾರು, ಡ್ರಮ್ಸ್ ಸಮೇತ ಬರುವ ದನಿ. ಅದು ರಘು ದೀಕ್ಷಿತ್ ಅವರದು, 2008ರ 'ಸೈಕೋ' ಸಿನಿಮಾದ್ದು. ಊರಲ್ಲಿ ಅನೇಕರು ಅದನ್ನು ಬರೀ ಸಿನಿಮಾ ಹಾಡು ಅಂದುಕೊಂಡಿದ್ದಾರೆ. ಅದರ ಹಿಂದೆ ಒಂದು ರಾಕ್ ಬ್ಯಾಂಡಿನ ಹತ್ತು ವರ್ಷದ ಪಾಡು ಇದೆ.

ರಘು ಬೆಳೆದದ್ದು ಮೈಸೂರಿನಲ್ಲಿ. ಓದಿದ್ದು ಮೈಕ್ರೋಬಯಾಲಜಿ, ಕಲಿತದ್ದು ಭರತನಾಟ್ಯ. ಗಿಟಾರ್ ಹಿಡಿದದ್ದು ಕಾಲೇಜಿನ ಗೆಳೆಯನೊಬ್ಬನ ಸವಾಲಿಗೆ. 1998ರ ಹೊತ್ತಿಗೆ 'ಅಂತರಾಗ್ನಿ' ಎಂಬ ತಂಡ ಕಟ್ಟಿದರು. ಆಗ ಬೆಂಗಳೂರಿನ ರಾಕ್ ಬ್ಯಾಂಡುಗಳು ಬಹುಪಾಲು ಇಂಗ್ಲಿಷಿನಲ್ಲೇ ಹಾಡುತ್ತಿದ್ದವು. ಕನ್ನಡ ಪದಕ್ಕೆ ಗಿಟಾರ್ ಕಟ್ಟಿದವರಿಗೆ ಕ್ಯಾಸೆಟ್ ಕಂಪನಿಗಳ ಬಾಗಿಲು ತೆರೆಯಲಿಲ್ಲ. ತಂಡ ಒಡೆಯಿತು. ರಘು ಮತ್ತೆ ಹೊಸಬರನ್ನು ಸೇರಿಸಿ 'ರಘು ದೀಕ್ಷಿತ್ ಪ್ರಾಜೆಕ್ಟ್' ಮಾಡಿದರು. ಬಂದವರು ಬರಬಹುದು, ಹೋಗುವವರು ಹೋಗಬಹುದು ಎಂಬಂಥ ತಂಡ ಅದು.

ಕೊನೆಗೆ ಕೈಹಿಡಿದವರು ಮುಂಬೈನ ಸಂಗೀತ ನಿರ್ದೇಶಕರಾದ ವಿಶಾಲ್ ಮತ್ತು ಶೇಖರ್. 2008ರಲ್ಲಿ ಮೊದಲ ಆಲ್ಬಂ ಹೊರಬಂತು. ಹಿಂದಿ, ಇಂಗ್ಲಿಷ್ ಹಾಡುಗಳ ನಡುವೆ ಶಿಶುನಾಳ ಷರೀಫರ 2 ತತ್ವಪದ ಅದರಲ್ಲಿದ್ದವು. ಷರೀಫರ ಪದಗಳನ್ನು ಅದಾಗಲೇ ಸಿ. ಅಶ್ವತ್ಥ್ ಮನೆಮನೆಗೆ ಮುಟ್ಟಿಸಿದ್ದರು. ಈ ಹುಡುಗರು ಅವನ್ನು ಕಾಲೇಜು ಹುಡುಗರ ಇಯರ್‌ಫೋನಿಗೆ ತಂದರು.

ಆಮೇಲೆ ದಾರಿ ಬೇಗ ಸಾಗಿತು. 2010ರಲ್ಲಿ ಬಿಬಿಸಿಯ ಹೆಸರಾಂತ ಸಂಗೀತ ಕಾರ್ಯಕ್ರಮ, 2011ರಲ್ಲಿ ಇಂಗ್ಲೆಂಡಿನ ಗ್ಲಾಸ್ಟನ್‌ಬರಿ ಉತ್ಸವ, ಅದೇ ವರ್ಷ 'ಸಾಂಗ್‌ಲೈನ್ಸ್' ಪತ್ರಿಕೆಯ ಹೊಸ ಕಲಾವಿದರ ಪ್ರಶಸ್ತಿ. ಬಣ್ಣದ ಲುಂಗಿ ಉಟ್ಟು, ಕಾಲಿಗೆ ಗೆಜ್ಜೆ ಕಟ್ಟಿ ಹಾಡಿದವರನ್ನು ಅಲ್ಲಿಯ ಜನ ಕುಣಿದು ಒಪ್ಪಿಕೊಂಡರು. ಇತ್ತ 'ಜಸ್ಟ್ ಮಾತ್ ಮಾತಲ್ಲಿ', 'ಲವ್ ಮಾಕ್‌ಟೇಲ್' ಸಿನಿಮಾಗಳ ಸಂಗೀತವೂ ಗೆದ್ದಿತು.

ಒಂದು ಮಾತು ಮುಚ್ಚಿಡಬಾರದು. 2018ರ ಮೀ ಟೂ ಸಂದರ್ಭದಲ್ಲಿ, ಗಾಯಕಿಯೊಬ್ಬರ ಜೊತೆ ರಘು ಅನುಚಿತವಾಗಿ ನಡೆದುಕೊಂಡರು ಎಂಬ ಆರೋಪ ಬಂತು. ಅವರು ಬಹಿರಂಗವಾಗಿ ಕ್ಷಮೆ ಕೇಳಿದರು. ಹಾಡು ಮೆಚ್ಚಿದವರು ಇದನ್ನೂ ನೆನಪಿಡಬೇಕು.

ಹಾಗಾದರೆ ಉಳಿದದ್ದೇನು? ಹಳ್ಳಿ ಪದ ಹಾಡಿದರೆ ನಾಚಿಕೆ ಅನ್ನುವ ಭಾವ ಕರಗಿತು. ನಮ್ಮ ಕಾಲೇಜು ದಿನಾಚರಣೆಗಳಲ್ಲಿ ಹುಡುಗರು ಗಿಟಾರ್ ಹಿಡಿದು ಮಾದಪ್ಪನನ್ನು ಹಾಡುತ್ತಾರೆ. ಇದು ಸಣ್ಣ ಸಂಗತಿಯಲ್ಲ.

ಆದರೆ ನಮ್ಮನ್ನು ಕಾಡುವುದು ಬೇರೆ. ಷರೀಫರ ಪದಕ್ಕೆ ಷರೀಫರ ಹೆಸರಿದೆ. ಮಾದಪ್ಪನ ಪದ ಕಟ್ಟಿ ಉಳಿಸಿದ ದೇವರಗುಡ್ಡರಿಗೆ ಹೆಸರಿಲ್ಲ. ಕಂಸಾಳೆ ಬೀಸಿ ಹಾಡಿದವರು, ತಂಬೂರಿ ಹಿಡಿದು ಮಂಟೇಸ್ವಾಮಿ ಕತೆಯನ್ನು ರಾತ್ರಿಯಿಡೀ ಹಾಡಿದ ನೀಲಗಾರರು ಇದೇ ಮಳವಳ್ಳಿ, ಮದ್ದೂರು, ಕೊಳ್ಳೇಗಾಲ ಸೀಮೆಯವರು. ಬೊಪ್ಪೇಗೌಡನಪುರದ ಮಠ ಇರುವುದು ನಮ್ಮ ಪಕ್ಕದಲ್ಲೇ. ಬ್ಯಾಂಡಿಗೆ ಬೇರು ಕೊಟ್ಟವರು ಇಂಥವರು. ವೇದಿಕೆ ಸಿಕ್ಕಿದ್ದು ಮಾತ್ರ ಗಿಟಾರಿಗೆ.

ನಿಮ್ಮೂರಲ್ಲಿ ಹಾಡುವ ಅಜ್ಜ ಇನ್ನೂ ಇದ್ದರೆ, ಈ ಹಬ್ಬಕ್ಕೆ ಜಗಲಿ ಮೇಲೆ ಕೂರಿಸಿ ಫೋನಿನಲ್ಲಿ ರೆಕಾರ್ಡ್ ಮಾಡಿ. ಅವರು ಒಪ್ಪಿದರೆ, ಕೊನೆಗೆ ಅವರ ಬಾಯಿಂದಲೇ ಹೆಸರು, ಊರು ಹೇಳಿಸಿ. ನಾಳೆ ಯಾವುದೋ ಬ್ಯಾಂಡು ಆ ಪದ ಹಾಡುವಾಗ ಆ ಹೆಸರೂ ಜೊತೆಗೆ ಹೋಗಲಿ.