ನಾಲ್ಕು ಸುವಾರ್ತೆಗಳ ಹೊಂದಿಕೆ

ಓದುಗರೇ, ಯೇಸುವಿನ ವಂಶಾವಳಿಯನ್ನು ಬೈಬಲ್ಲಿನಲ್ಲಿ ತೆರೆದು ನೋಡಿ. ಯೋಸೇಫನ ತಂದೆ ಯಾಕೋಬನೆಂದು ಮತ್ತಾಯನ ಸುವಾರ್ತೆ ಹೇಳಿದರೆ, ಹೇಲೀ ಎಂದು ಲೂಕನ ಸುವಾರ್ತೆ ಹೇಳುತ್ತದೆ. ಯಾವುದು ಸರಿ? ಈ ತೊಡಕು ಆದಿ ಕ್ರೈಸ್ತರನ್ನೂ ಕಾಡಿತ್ತು.

ಕ್ರಿ.ಶ. 170ರ ಸುಮಾರಿಗೆ ತಾತಿಯನ್ ಎಂಬ ವಿದ್ವಾಂಸನು ನಾಲ್ಕು ಸುವಾರ್ತೆಗಳನ್ನು ಹೆಣೆದು 'ದಿಯಾತೆಸ್ಸರಾನ್' ಎಂಬ ಒಂದೇ ಗ್ರಂಥವನ್ನು ರಚಿಸಿದನು. ಅದರಲ್ಲಿ ವಂಶಾವಳಿಗಳೇ ಇರಲಿಲ್ಲ. ಹಾಗಾಗಿ ತೊಡಕೂ ಇರಲಿಲ್ಲ! ಸಿರಿಯಾಕ್ ಭಾಷೆಯ ಕ್ರೈಸ್ತರು ಇದನ್ನು ತಲೆಮಾರುಗಳ ಕಾಲ ಓದಿದರು.

ಮೂರನೆಯ ಶತಮಾನದ ಜೂಲಿಯಸ್ ಆಫ್ರಿಕಾನಸ್ ಬೇರೆ ದಾರಿ ಹಿಡಿದನು. ಮಕ್ಕಳಿಲ್ಲದೆ ಸತ್ತವನ ವಿಧವೆಯನ್ನು ಸಹೋದರನು ಮದುವೆಯಾಗಿ, ಸತ್ತವನ ಹೆಸರಿಗೆ ಸಂತಾನ ಪಡೆಯುವ ಪದ್ಧತಿ ಯೆಹೂದ್ಯರಲ್ಲಿತ್ತು. ಅದರಂತೆ ಯಾಕೋಬನು ಜನ್ಮ ಕೊಟ್ಟ ತಂದೆ, ಹೇಲೀ ಶಾಸ್ತ್ರೋಕ್ತ ತಂದೆ ಎಂದು ಅವನು ವಿವರಿಸಿದನು. ಈ ವಿವರಣೆಯನ್ನು ಇಂದಿನ ವಿದ್ವಾಂಸರೆಲ್ಲರೂ ಒಪ್ಪುವುದಿಲ್ಲ. ಆದರೆ ಅವನು ಎರಡು ಪಾಠಗಳಲ್ಲಿ ಯಾವುದನ್ನೂ ಅಳಿಸಲಿಲ್ಲ ಎಂಬುದನ್ನು ಗಮನಿಸಿ.

ಐದನೆಯ ಶತಮಾನದಲ್ಲಿ ಸಿರಿಯಾದ ಬಿಷಪ್ ಥಿಯೋಡೊರೆಟ್ ತನ್ನ ಪ್ರಾಂತದ ಚರ್ಚುಗಳಿಂದ 'ದಿಯಾತೆಸ್ಸರಾನ್'ನ 200ಕ್ಕೂ ಹೆಚ್ಚು ಪ್ರತಿಗಳನ್ನು ತೆಗೆಸಿ, ನಾಲ್ಕು ಸುವಾರ್ತೆಗಳನ್ನು ಇರಿಸಿದನು. ತೊಡಕು ಮರಳಿ ಬಂದಿತು. ಜೊತೆಗೆ ನಾಲ್ವರ ಮಾತೂ ಉಳಿಯಿತು. ಹೊಂದಿಕೆಯನ್ನು ಹುಡುಕುವ ಕೆಲಸವನ್ನು ಚರಿತ್ರೆ ಓದುಗರಿಗೇ, ಅಂದರೆ ನಿಮಗೇ ಬಿಟ್ಟಿದೆ.