ಪ್ರಾಸ್ಟೇಟ್ ಬಯಾಪ್ಸಿ: ಸೂಜಿ ಹಾಕಿದರೆ ಕ್ಯಾನ್ಸರ್ ಹರಡುತ್ತಾ? ತಿಳಿದಿರಬೇಕಾದ ವಿಷಯಗಳು

‘ಗಡ್ಡೆಗೆ ಸೂಜಿ ತಾಗಿಸಬಾರದು, ತಾಗಿಸಿದ್ರೆ ಮೈಯೆಲ್ಲ ಹರಡುತ್ತೆ.’ ಡಾಕ್ಟರ್ ಪ್ರಾಸ್ಟೇಟ್ ಬಯಾಪ್ಸಿಗೆ ಬರೆದುಕೊಟ್ಟ ಕೂಡಲೇ ಮನೆಯಲ್ಲಿ, ಅಂಗಡಿ ಕಟ್ಟೆಯಲ್ಲಿ ಕೇಳಿಬರುವ ಮೊದಲ ಮಾತು ಇದು. ಇದನ್ನು ನಂಬಿ ಚೀಟಿಯನ್ನು ಬೀರುವಿನಲ್ಲಿಟ್ಟು ಸುಮ್ಮನೆ ಕೂತರೆ ನಷ್ಟ ರೋಗಿಗೇ. ಪ್ರಾಸ್ಟೇಟ್ ವಿಷಯದಲ್ಲಿ ಸೂಜಿಯಿಂದ ಕ್ಯಾನ್ಸರ್ ಹರಡುವುದು ತೀರಾ ಅಪರೂಪ. ನಿಜವಾಗಿ ಎಚ್ಚರ ಬೇಕಿರುವುದು ಬಯಾಪ್ಸಿ ನಂತರ ಬರಬಹುದಾದ ಜ್ವರದ ಬಗ್ಗೆ.

ಬಯಾಪ್ಸಿ ಯಾಕೆ ಬೇಕು?

ಪ್ರಾಸ್ಟೇಟ್ ಗ್ರಂಥಿ ಗಂಡಸರಲ್ಲಿ ಮೂತ್ರಕೋಶದ ಕೆಳಗೆ ಇರುತ್ತೆ. ಪಿಎಸ್ಎ ಎಂಬ ರಕ್ತಪರೀಕ್ಷೆಯಲ್ಲಿ ಅಂಕಿ ಜಾಸ್ತಿ ಬಂದರೆ ಅದು ಕ್ಯಾನ್ಸರ್ ಅಂತಲೇ ಅಲ್ಲ. ವಯಸ್ಸಾದಂತೆ ಗ್ರಂಥಿ ಊದಿದರೂ, ಮೂತ್ರದ ಸೋಂಕಾದರೂ ಪಿಎಸ್ಎ ಏರುತ್ತೆ. ಗ್ರಂಥಿಯ ಚೂರು ತೆಗೆದು ಮೈಕ್ರೋಸ್ಕೋಪಿನಲ್ಲಿ ನೋಡಿದಾಗಲೇ ಖಚಿತವಾಗಿ ಗೊತ್ತಾಗೋದು. ಮೊದಲು ಎಂಆರ್‌ಐ ಮಾಡಿಸಿದರೆ ಕೆಲವರಿಗೆ ಬಯಾಪ್ಸಿಯೇ ಬೇಕಾಗದೆ ಹೋಗಬಹುದು. 2017ರಲ್ಲಿ ಪ್ರಕಟವಾದ ಬ್ರಿಟನ್ನಿನ ‘ಪ್ರಾಮಿಸ್’ ಅಧ್ಯಯನದ ಪ್ರಕಾರ ಹೀಗೆ ಸುಮಾರು ಕಾಲು ಭಾಗ ಜನರಿಗೆ ಬಯಾಪ್ಸಿ ತಪ್ಪಿಸಬಹುದು.

ಹೇಗೆ ಮಾಡುತ್ತಾರೆ?

ಸ್ಕ್ಯಾನ್ ನೋಡಿಕೊಂಡು ತೆಳು ಸೂಜಿಯಿಂದ ಸಾಮಾನ್ಯವಾಗಿ 10-12 ಚೂರು ತೆಗೆಯುತ್ತಾರೆ. ಇದಕ್ಕೆ ಎರಡು ದಾರಿ ಇದೆ. ಒಂದು ಗುದದ್ವಾರದ ಒಳಗಿಂದ. ಇನ್ನೊಂದು ವೃಷಣ ಮತ್ತು ಗುದದ್ವಾರದ ನಡುವಿನ ಚರ್ಮದ ಮೂಲಕ. ಮರಗಟ್ಟುವ ಇಂಜೆಕ್ಷನ್ ಕೊಟ್ಟು ಮಾಡುವುದರಿಂದ ಹೆಚ್ಚಿನವರು ಅದೇ ದಿನ ಮನೆಗೆ ಬರಬಹುದು.

ಹರಡುತ್ತೆ ಅನ್ನೋ ಮಾತು ಎಲ್ಲಿಂದ ಬಂತು?

ಕೆಲವು ಗಡ್ಡೆಗಳಿಗೆ, ಉದಾಹರಣೆಗೆ ವೃಷಣದ ಗಡ್ಡೆಗೆ, ವೈದ್ಯರು ಸಾಮಾನ್ಯವಾಗಿ ಸೂಜಿ ಹಾಕುವುದಿಲ್ಲ. ಆ ನಿಯಮ ಪ್ರಾಸ್ಟೇಟ್‌ಗೆ ಅನ್ವಯಿಸಲ್ಲ. ಇನ್ನೊಂದು ಕಾರಣ, ನಮ್ಮಲ್ಲಿ ಬಹಳ ಜನ ಮೂತ್ರ ಕಟ್ಟಿ, ಬೆನ್ನುಮೂಳೆ ನೋವು ಬಂದ ಮೇಲೆ ಆಸ್ಪತ್ರೆಗೆ ಹೋಗುತ್ತಾರೆ. ಆಗ ರೋಗ ಮೊದಲೇ ಮೂಳೆಗೆ ಹೋಗಿರುತ್ತೆ. ಬಯಾಪ್ಸಿ ಆದಮೇಲೆ ಅದು ಗೊತ್ತಾಗುವುದರಿಂದ ತಪ್ಪು ಸೂಜಿಯ ಮೇಲೆ ಬೀಳುತ್ತೆ.

ನಿಜವಾದ ತೊಂದರೆಗಳೇನು?

ಒಳಗಿಂದ ಬಯಾಪ್ಸಿ ಮಾಡಿಸಿಕೊಂಡ 1,147 ಗಂಡಸರನ್ನು ಬ್ರಿಟನ್ನಿನಲ್ಲಿ 35 ದಿನ ಗಮನಿಸಿ, 2012ರಲ್ಲಿ ವರದಿ ಪ್ರಕಟಿಸಲಾಯಿತು. ವೀರ್ಯದಲ್ಲಿ ರಕ್ತ ಕಂಡವರು ಶೇ. 93, ಮೂತ್ರದಲ್ಲಿ ಶೇ. 66, ಮಲದಲ್ಲಿ ಶೇ. 37. ನೋಡಿದರೆ ಗಾಬರಿ ಆಗುತ್ತೆ, ಆದರೆ ಬಹುತೇಕ ತಾನಾಗಿಯೇ ನಿಲ್ಲುತ್ತೆ. ವೀರ್ಯದ ಬಣ್ಣ ಸರಿಹೋಗಲು ಕೆಲವು ವಾರ ಬೇಕಾಗಬಹುದು. ಜ್ವರ ಬಂದವರು ಶೇ. 17.5. ತೊಂದರೆಯಾಗಿ ಆಸ್ಪತ್ರೆ ಸೇರಿದವರು 15 ಜನ, ಅಂದರೆ ಶೇ. 1.3.

ಆ ಸಣ್ಣ ಸಂಖ್ಯೆಯೇ ಮುಖ್ಯ. ಗುದದ್ವಾರದ ಒಳಗಿಂದ ಸೂಜಿ ಹೋಗುವಾಗ ಕರುಳಿನ ಬ್ಯಾಕ್ಟೀರಿಯಾ ರಕ್ತಕ್ಕೆ ಸೇರಿ ನಂಜಾಗಬಹುದು. ಮೆಡಿಕಲ್ ಶಾಪಿನಲ್ಲಿ ಕೇಳಿ ಆಂಟಿಬಯಾಟಿಕ್ ನುಂಗುವ ಅಭ್ಯಾಸದಿಂದ ಮಾಮೂಲಿ ಮಾತ್ರೆಗಳಿಗೆ ಬಗ್ಗದ ಬ್ಯಾಕ್ಟೀರಿಯಾ ಭಾರತದಲ್ಲಿ ಹೆಚ್ಚಿದೆ. ಚರ್ಮದ ಮೂಲಕ ಮಾಡಿದರೆ ನಂಜಿನ ಅಪಾಯ ಕಡಿಮೆ. ಯುರೋಪಿನ ಮೂತ್ರರೋಗ ತಜ್ಞರ ಸಂಘದ ಮಾರ್ಗಸೂಚಿ ಈ ವಿಧಾನಕ್ಕೇ ಆದ್ಯತೆ ಕೊಡುತ್ತೆ. ಯಾವ ದಾರಿಯಲ್ಲಿ ಮಾಡ್ತೀರಿ ಎಂದು ಡಾಕ್ಟರನ್ನು ಕೇಳುವುದರಲ್ಲಿ ಸಂಕೋಚ ಬೇಡ.

ಹೋಗುವ ಮುಂಚೆ ಹೇಳಬೇಕಾದ್ದು

* ಆಸ್ಪಿರಿನ್, ಕ್ಲೋಪಿಡೋಗ್ರೆಲ್‌ನಂಥ ರಕ್ತ ತೆಳು ಮಾಡುವ ಮಾತ್ರೆ ತಗೊಳ್ತಿದ್ದರೆ. ಸ್ಟೆಂಟ್ ಹಾಕಿಸಿಕೊಂಡವರು ತಾವಾಗಿಯೇ ನಿಲ್ಲಿಸಬಾರದು.
* ಶುಗರ್ ಇದ್ದರೆ, ಈಗ ಮೂತ್ರ ಉರಿ ಇದ್ದರೆ.
* ಕಳೆದ ಆರು ತಿಂಗಳಲ್ಲಿ ಆಂಟಿಬಯಾಟಿಕ್ ತಗೊಂಡಿದ್ದರೆ, ಯಾವುದಾದರೂ ಔಷಧಿ ಅಲರ್ಜಿ ಇದ್ದರೆ.

ತಡ ಮಾಡಬಾರದ ಲಕ್ಷಣಗಳು

ಬಯಾಪ್ಸಿ ಆದ ಮೇಲಿನ ದಿನಗಳಲ್ಲಿ ಚಳಿ ನಡುಕ, 100.4 ಡಿಗ್ರಿ ಫ್ಯಾರನ್‌ಹೀಟ್ ದಾಟಿದ ಜ್ವರ, ಮೂತ್ರ ಕಟ್ಟುವುದು, ರಕ್ತ ಗಡ್ಡೆಗಡ್ಡೆಯಾಗಿ ಬೀಳುವುದು — ಇವುಗಳಲ್ಲಿ ಯಾವುದು ಕಂಡರೂ ರಾತ್ರಿಯಾದರೂ ಸರಿ, ಆಸ್ಪತ್ರೆಗೆ ಹೋಗಬೇಕು. ಪ್ಯಾರಾಸಿಟಮಾಲ್ ನುಂಗಿ ಬೆಳಗಿನವರೆಗೆ ಕಾಯಬಾರದು. ಹತ್ತಿರದ ಆಸ್ಪತ್ರೆಗೆ ಹೋದರೂ ‘ಪ್ರಾಸ್ಟೇಟ್ ಬಯಾಪ್ಸಿ ಆಗಿದೆ’ ಎಂದು ಮೊದಲೇ ಹೇಳಿ, ಚೀಟಿ ತೋರಿಸಬೇಕು. ಊರು ದೂರ ಇದ್ದವರು ಆ ರಾತ್ರಿಗೆ ಗಾಡಿ ಯಾರದ್ದು ಎಂದು ಮುಂಚೆಯೇ ಗೊತ್ತು ಮಾಡಿಕೊಂಡಿರುವುದು ಒಳ್ಳೆಯದು.

ವರದಿ ಬಂದ ಮೇಲೆ

ಕ್ಯಾನ್ಸರ್ ಎಂದು ಬಂದರೂ ಎಲ್ಲರಿಗೂ ಆಪರೇಷನ್ ಬೇಕಿಲ್ಲ. ನಿಧಾನವಾಗಿ ಬೆಳೆಯುವ ರೋಗವಾದರೆ ಆಗಾಗ ಪರೀಕ್ಷೆ ಮಾಡಿಸುತ್ತಾ ನಿಗಾ ಇಡುವುದೂ ಒಪ್ಪಿತ ಕ್ರಮ. ಕ್ಯಾನ್ಸರ್ ಇಲ್ಲ ಎಂದು ಬಂದರೆ ಅಲ್ಲಿಗೇ ಮುಗಿಯಲ್ಲ. ಸೂಜಿ ರೋಗವಿರುವ ಜಾಗ ತಪ್ಪಿಸಿರಬಹುದು. ಆದ್ದರಿಂದ ಡಾಕ್ಟರ್ ಹೇಳಿದ ದಿನಕ್ಕೆ ಪಿಎಸ್ಎ ಮತ್ತೆ ಮಾಡಿಸಬೇಕು. ಖರ್ಚಿನ ಬಗ್ಗೆ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಡಿ ಏನು ಸಿಗುತ್ತೆ ಎಂಬುದನ್ನು ಆಸ್ಪತ್ರೆಯ ಆರೋಗ್ಯ ಮಿತ್ರರ ಬಳಿ ಮೊದಲೇ ವಿಚಾರಿಸಬಹುದು.